ಕನ್ನಡದಲ್ಲಿ ತೆಗೆದ ಚಿತ್ರ

ಆಪರೇಷನ್ ಆದ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಹೊರಡುವಾಗ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಸದ್ಯ, ಮಾತು ಉಳಿಯಿತಲ್ಲ. ಹಣ್ಣಿನ ಕವರನ್ನು ಟೀಪಾಯಿಯ ಮೇಲಿಟ್ಟು, ನನ್ನ ತಲೆಗೆ ಕಟ್ಟಿದ ಬಟ್ಟೆಯನ್ನು ನೋಡಿಯೂ ನೋಡದವರಂತೆ ಎದ್ದು, ದೇವರು ದೊಡ್ಡವನು ಎಂದು ಚಪ್ಪಲಿ ಹಾಕಿಕೊಂಡರು. ಪಾಠ ಹೇಳುವವಳಿಗೆ ಮಾತು ಹೋಗಿದ್ದರೆ ಏನು ಗತಿ ಎಂದು ನಾನೇ ಅವರಿಗಿಂತ ಮೊದಲು ಹೇಳಿ ನಗಿಸಿ ಕಳಿಸುತ್ತಿದ್ದೆ. ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡದ ಟೀಚರು. ನನ್ನ ಕನ್ನಡ ಕೂದಲೂ ಕೊಂಕದೆ ಉಳಿದಿದೆ, ಇದನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಉಳಿಯದೆ ಹೋದದ್ದರ ಬಗ್ಗೆ ಯಾರೂ ಕೇಳಲಿಲ್ಲ. ಅದು ನನ್ನ ಹತ್ತಿರ ಇತ್ತು ಎಂಬುದೇ ನನ್ನ ಅಕ್ಕನನ್ನು ಬಿಟ್ಟರೆ ಬೇರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮ ಮನೆಮಾತು ತೆಲುಗು. ಮೈಸೂರಿನ ತೆಲುಗು ಎಂದರೆ ಅರ್ಧ ಕನ್ನಡವೇ. ಹೈದರಾಬಾದಿನ ಕಡೆಯವರು ಕೇಳಿದರೆ ಇದು ಯಾವ ಭಾಷೆ ಎಂದು ನಗುತ್ತಾರೆ. ಅದಕ್ಕೆ ನಮ್ಮಲ್ಲಿ ಪುಸ್ತಕವಿರಲಿಲ್ಲ, ನಮಗೆ ಅದರ ಅಕ್ಷರವೂ ಬಾರದು. ಅಪ್ಪ ದೇವರಾಜ ಮೊಹಲ್ಲಾದಲ್ಲಿ ಬಳೆ ಅಂಗಡಿ ನಡೆಸುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು: ಅಂಗಡಿಯಲ್ಲಿ ಗಿರಾಕಿಯ ಎದುರು ತೆಲುಗು ಆಡಕೂಡದು. ಬಳೆ ತೊಡಿಸುವ ಕೆಲಸ ಅಂಥದ್ದು. ಹೆಂಗಸರು ಕೈಯನ್ನು ನಮ್ಮ ಕೈಗೆ ಕೊಟ್ಟು ಕೂತಿರುತ್ತಾರೆ. ಆಗ ಅವರ ತಲೆಯ ಮೇಲಿಂದ ನಾವು ಅರ್ಥವಾಗದ ಭಾಷೆಯಲ್ಲಿ ಒಬ್ಬರಿಗೊಬ್ಬರು ಏನೋ ಹೇಳಿಕೊಂಡರೆ, ನನ್ನ ಕೈ ಒರಟು ಅಂದರೋ, ರೇಟು ಏರಿಸು ಅಂದರೋ ಎಂದು ಅವರಿಗೆ ಅನುಮಾನ. ಅದು ಮರ್ಯಾದೆಯಲ್ಲ ಎನ್ನುತ್ತಿದ್ದರು ಅಪ್ಪ. ಅಂಗಡಿಯ ಕಟ್ಟಳೆ ಕ್ರಮೇಣ ಬೀದಿಗೆ, ಬಸ್ಸಿಗೆ, ಸ್ಕೂಲಿಗೆ ಹಬ್ಬಿತು. ಬೇರೆಯವರು ಒಬ್ಬರು ಇದ್ದರೂ ಸಾಕು, ನಮ್ಮ ನಾಲಿಗೆ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ಇದರಲ್ಲಿ ನಾಚಿಕೆಯೇನೂ ಇರಲಿಲ್ಲ, ಮನೆಗೆ ಬಂದವರಿಗೆ ಚಾಪೆ ಹಾಸುವಷ್ಟೇ ಸಹಜ.

ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದರು. ನನ್ನನ್ನು ಬೆಳೆಸಿದವಳು ಸರೋಜಕ್ಕ. ಅವಳು ಮದುವೆಯಾಗಲಿಲ್ಲ, ಕೇಳಿದವರಿಗೆ ಅಂಗಡಿ ಯಾರು ನೋಡ್ಕೊತಾರೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಪ್ಪನ ನಂತರ ಅಂಗಡಿ ಅವಳದೇ ಆಯಿತು. ನಾನು ಮೆಚ್ಚಿ ಮದುವೆಯಾದ ನಾಗೇಶ್ ಕನ್ನಡದವರು, ವಿದ್ಯುತ್ ಕಚೇರಿಯಲ್ಲಿ ಕೆಲಸ. ಬೋಗಾದಿಯ ನಮ್ಮ ಮನೆಯಲ್ಲಿ ಕನ್ನಡವೇ ನಡೆಯಿತು. ಹಾಗಾಗಿ ತೆಲುಗು ಕೊನೆಗೆ ಅಕ್ಕ ತಂಗಿಯರ ನಡುವೆ ಮಾತ್ರ ಉಳಿದಿತ್ತು. ವಾರಕ್ಕೊಂದು ಸಲ ಅವಳ ಮನೆಯ ಅಡುಗೆಕೋಣೆಯಲ್ಲಿ, ಇಬ್ಬರೇ ಇರುವಾಗ. ಅಲ್ಲಿ ನಾವು ಆಡುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಜಗಳ. ಉಪ್ಪು ಜಾಸ್ತಿ ಹಾಕಿದೆ, ಸೀರೆಗೆ ಹೊಂದದ ರವಿಕೆ ಹಾಕಿಕೊಂಡು ಬಂದೆ, ಫೋನ್ ಮಾಡಲಿಲ್ಲ, ಮಾಡಿದರೆ ಕೆಲಸದ ಹೊತ್ತಲ್ಲಿ ಮಾಡಿದೆ. ಪ್ರೀತಿಯ ಮಾತು ನಮಗೆ ಬರುತ್ತಿರಲಿಲ್ಲ, ಬೈಗುಳ ಬರುತ್ತಿತ್ತು.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ತರಗತಿಯಲ್ಲಿ. ಬೋರ್ಡಿನ ಮೇಲೆ ಬರೆಯುತ್ತ ಮಕ್ಕಳ ಕಡೆ ತಿರುಗಿದೆ, ಹೇಳಬೇಕಾದ ಪದ ಬಾಯಿಗೆ ಬರಲಿಲ್ಲ. ಪದವೇನು, ಯಾವುದೂ ಬರಲಿಲ್ಲ. ಬಾಯಿ ತೆರೆದೇ ಇದೆ, ಒಳಗೆ ಏನೂ ಇಲ್ಲ. ನಾನು ಹಾಗೆ ದಿಟ್ಟಿಸಿ ನಿಂತದ್ದನ್ನು ಮಕ್ಕಳು ಸಿಟ್ಟೆಂದು ತಿಳಿದು ಗಪ್‌ಚಿಪ್ಪಾದರು. ಒಂದು ಗಳಿಗೆಯಲ್ಲಿ ಎಲ್ಲ ವಾಪಸು ಬಂತು, ಪಾಠ ಮುಂದುವರಿಸಿದೆ. ಇಷ್ಟು ಶಿಸ್ತು ನನ್ನ ಕ್ಲಾಸಿನಲ್ಲಿ ಎಂದೂ ಇರಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬವನ್ನೂ ಕೊಚ್ಚಿಕೊಂಡೆ. ಆಮೇಲೆ ಅದು ಮತ್ತೆ ಮತ್ತೆ ಬಂತು. ಬಿಪಿ ಇರಬೇಕು, ಗ್ಯಾಸ್ಟ್ರಿಕ್ ಇರಬೇಕು, ವಯಸ್ಸಿನದ್ದಿರಬೇಕು ಎಂದು ಒಂದೊಂದು ಸಲ ಒಂದೊಂದು ಹೆಸರಿಟ್ಟುಕೊಂಡು ತಳ್ಳಿದೆ.

ಗೌರಿ ಹಬ್ಬದ ಹಿಂದಿನ ವಾರ ಅಕ್ಕನ ಅಂಗಡಿಗೆ ನೆರವಿಗೆ ಹೋಗಿದ್ದಾಗ ಅದು ಅವಳ ಕಣ್ಣಿಗೇ ಬಿತ್ತು. ಗಿರಾಕಿಯೊಬ್ಬರು ಹಸಿರು ಬಳೆ ಕೇಳಿದರು, ನಾನು ಅವರ ಮುಖವನ್ನೇ ನೋಡುತ್ತ ನಿಂತೆ, ಬಲಗೈ ಸಣ್ಣಗೆ ಅದುರುತ್ತಿತ್ತಂತೆ. ಅಕ್ಕ ಏನೂ ಆಗದವಳಂತೆ ಅವರಿಗೆ ಬಳೆ ತೊಡಿಸಿ ಕಳಿಸಿದಳು. ಆಮೇಲೆ ಶಟರ್ ಎಳೆದಳು. ಗೌರಿ ಹಬ್ಬದ ವಾರ ಅಪ್ಪನ ಕಾಲದಿಂದಲೂ ಆ ಅಂಗಡಿಯ ಬಾಗಿಲು ಮುಚ್ಚಿದ್ದಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಡಾಕ್ಟರಿಂದ ಡಾಕ್ಟರಿಗೆ ಹೋಗುತ್ತ ಕೊನೆಗೆ ಎಂಆರ್‌ಐ ಆಯಿತು. ತಲೆಯ ಎಡಭಾಗದಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ, ಒಂದು ಗಡ್ಡೆ ಇದೆ, ನಿಧಾನವಾಗಿ ಬೆಳೆಯುವ ಜಾತಿಯದ್ದಿರಬಹುದು, ತೆಗೆಯಬೇಕು ಎಂದರು. ನಾಗೇಶ್ ಅದನ್ನು ಕೇಳಿ ಎದ್ದು ಹೊರಗೆ ಹೋಗಿ, ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದರು. ಅಂದು ಪೆಟ್ರೋಲ್ ಬೇಕಾಗಿರಲಿಲ್ಲ. ಅವರಿಗೆ ಏನಾದರೂ ಒಂದು ಕೆಲಸ ಬೇಕಾಗಿತ್ತು, ಪಾಪ.

ಆ ಆಸ್ಪತ್ರೆಯ ಕಾಯುವ ಹಾಲಿನಲ್ಲಿ ನಾವು ಕಳೆದ ಹೊತ್ತು ಸೇರಿಸಿದರೆ ಒಂದು ಬೇಸಿಗೆ ರಜೆಯಾದೀತು. ಅಲ್ಲಿ ಎಲ್ಲರೂ ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ತಲೆಯ ಚಿತ್ರಗಳನ್ನು ಇಟ್ಟುಕೊಂಡು ಕೂತಿರುತ್ತಾರೆ. ಯಾರೂ ಯಾರಿಗೂ ಏನು ಕಾಯಿಲೆ ಎಂದು ಕೇಳುವುದಿಲ್ಲ, ಯಾವ ಊರು ಎಂದು ಕೇಳುತ್ತಾರೆ. ನಂಜನಗೂಡಿನ ಕಡೆಯ ಒಬ್ಬಾಕೆ ತನ್ನ ಗಂಡನನ್ನು ಕರೆದುಕೊಂಡು ಬರುತ್ತಿದ್ದಳು. ಆತನಿಗೆ ಮಾತು ಹೋಗಿತ್ತು. ಆಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ಗಂಡನಿಗೆ ಕೊಟ್ಟು, ಮುಚ್ಚಳದಲ್ಲಿ ನನಗೂ ಕೊಟ್ಟಳು. ಕುಡೀರಿ, ಒಳಗೆ ಎಷ್ಟೊತ್ತು ಮಾಡ್ತರೋ ಎಂದಳು. ಆ ಗಂಡನನ್ನು ನೋಡುತ್ತ ಕಾಫಿ ಕುಡಿಯುವುದು ಕಷ್ಟವಾಯಿತು. ಹೊಟ್ಟೆಯಲ್ಲಿ ಗಡ್ಡೆ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಸಾಯುವುದಕ್ಕಿಂತ ಹೆಚ್ಚಾಗಿ ನನಗೆ ಹಾಗೆ ಬಾಯಿಲ್ಲದೆ ಕೂರುವ ಭಯ.

ಸರ್ಜನ್ ಮೆಲುದನಿಯ ಮನುಷ್ಯ. ನಾವು ಮೂವರೂ ಅವರ ಎದುರು ಕೂತೆವು: ನಾನು ನಡುವೆ, ನಾಗೇಶ್ ಒಂದು ಕಡೆ, ಅಕ್ಕ ಒಂದು ಕಡೆ. ಮಾತು ಸಾಮಾನ್ಯವಾಗಿ ಮಿದುಳಿನ ಎಡಭಾಗದಲ್ಲಿರುತ್ತದೆ, ಗಡ್ಡೆಯೂ ಅಲ್ಲೇ ಇರುವುದರಿಂದ ಎಚ್ಚರ ಬೇಕು ಎಂದರು ಡಾಕ್ಟರು. ನಾನು ಯಾವ ಕೈಯವಳು ಎಂದು ಕೇಳಿದರು. ನಾಗೇಶ್ ಥಟ್ಟನೆ ಬಲಗೈ ಎಂದರು. ಅವರು ನೋಡುವುದು ನಾನು ಉಣ್ಣುವುದನ್ನು, ಉಣ್ಣುವುದು ಬಲಗೈಯಲ್ಲೇ. ಅಕ್ಕ ತಕ್ಷಣ ಮುಂದೆ ಬಾಗಿದಳು.

"ಇಲ್ಲ ಡಾಕ್ಟ್ರೇ, ಇವಳು ಎಡಚಿ. ಬರೆಯೋದು, ಕತ್ತರಿಸೋದು, ಹೊಡೆಯೋದು ಎಲ್ಲ ಎಡಗೈಲೇ."

ಡಾಕ್ಟರು ನಕ್ಕರು. ಎಡಗೈಯವರಲ್ಲಿ ಕೆಲವರಿಗೆ ಮಾತು ಬಲಭಾಗದಲ್ಲಿರುತ್ತದೆ, ಕೆಲವರಿಗೆ ಎರಡೂ ಕಡೆ. ಊಹೆ ಮಾಡುವುದು ಬೇಡ, ನೋಡಿಯೇ ಬಿಡೋಣ ಎಂದರು. ಮಷಿನ್ನಿನೊಳಗೆ ಮಲಗಿಸಿ, ಮಾತು ಕೇಳಿಸಿ, ಪದ ನೆನೆಸಿಕೊಳ್ಳಲು ಹೇಳಿ, ಆಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆಂದು ಚಿತ್ರ ತೆಗೆಯುತ್ತಾರಂತೆ. ಮಾತು ಎಡಭಾಗದಲ್ಲಿದ್ದರೆ ಆಪರೇಷನ್ ಹೊತ್ತಿನಲ್ಲಿ ನನ್ನನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತ ಮಾಡುತ್ತಾರೆ. ಬಲಕ್ಕಿದ್ದರೆ ಅಷ್ಟು ಕಷ್ಟವಿಲ್ಲ, ಪೂರ್ತಿ ನಿದ್ದೆಯಲ್ಲೇ ಮುಗಿಸಬಹುದು. ನಂತರ, ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಬೇಕು, ನಿಮ್ಮ ಭಾಷೆ ಯಾವುದು ಎಂದು ಕೇಳಿದರು.

"ಕನ್ನಡ ಡಾಕ್ಟ್ರೇ," ಎಂದೆ ನಾನು. "ಕನ್ನಡದ ಟೀಚರೇ ಅಲ್ವಾ."

ಅದರಲ್ಲಿ ಯೋಚನೆಯೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಎದುರಿಗೆ ಹೊರಗಿನವರು ಕೂತಿದ್ದರು, ನನ್ನ ನಾಲಿಗೆ ಎಂದಿನಂತೆ ತಿರುಗಿತು, ಅಷ್ಟೇ. ಬೇರೆ ಯಾವುದಾದರೂ ಚೆನ್ನಾಗಿ ಬರುತ್ತದೆಯೇ ಎಂದೂ ಅವರು ಕೇಳಿದ ನೆನಪಿದೆ. ಇಂಗ್ಲಿಷ್ ಸುಮಾರು, ಹಿಂದಿ ಸಿನಿಮಾದಷ್ಟು ಎಂದು ನಾನು ತಮಾಷೆ ಮಾಡಿದೆ. ನಾಗೇಶ್ ನಕ್ಕರು. ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡಳು.

ಆ ಮಷಿನ್ನಿನ ಬಗ್ಗೆ ಹೆದರುವವರಿಗೆ ಒಂದು ಮಾತು: ಸದ್ದು ಭಯಂಕರ, ಆದರೆ ನೋವಿಲ್ಲ. ತಲೆ ಅಲ್ಲಾಡದಂತೆ ಎರಡೂ ಕಡೆ ಸ್ಪಂಜು ಒತ್ತಿಡುತ್ತಾರೆ, ಮುಖದ ಮೇಲೆ ಒಂದು ಪಂಜರದಂಥದ್ದು ಇಳಿಸುತ್ತಾರೆ. ಕೈಗೆ ರಬ್ಬರ್ ಬಲ್ಬು ಕೊಟ್ಟು, ತಡೆಯಲಾಗದಿದ್ದರೆ ಅದುಮಿ ಎನ್ನುತ್ತಾರೆ. ಯಂತ್ರ ನಡೆಸುವ ಹೆಣ್ಣುಮಗಳು ನನ್ನನ್ನು ಮೇಡಂ ಎಂದು ಕರೆದು, ಕಾಲಿಗೆ ಹೊದಿಕೆ ಹೊದಿಸಿ ಹೋದಳು. ಆ ಹೊದಿಕೆ ಎಷ್ಟು ಹಿತವಾಗಿತ್ತೆಂದರೆ ಈಗಲೂ ಆಕೆಯ ಕೈ ನೆನಪಾಗುತ್ತದೆ.

ಒಳಗೆ ಕಿವಿಯಲ್ಲಿ ಯಾರೋ ಒಂದು ಕತೆ ಓದಿದರು. ಆಮೇಲೆ ಕಣ್ಣಿನ ಮೇಲೆ ಕೂರಿಸಿದ್ದ ಪುಟ್ಟ ಕನ್ನಡಿಯಲ್ಲಿ ಒಂದೊಂದೇ ಅಕ್ಷರ ಬಂತು. ಅದರಿಂದ ಶುರುವಾಗುವ ಪದಗಳನ್ನು ಬಾಯಿ ಅಲ್ಲಾಡಿಸದೆ ಮನಸ್ಸಿನಲ್ಲೇ ನೆನೆಯಬೇಕು. ನನಗೆ ಅದು ಪರೀಕ್ಷೆಯಂತೆಯೇ ಕಂಡಿತು. ಕ ಎಂದಾಗ ಕಮಲ, ಕರಡಿ ಎನ್ನುವುದು ಟೀಚರಿಗೆ ಮರ್ಯಾದೆಯೇ? ಕಮನೀಯ, ಕರ್ಣಕಠೋರ, ಕಿಂಕರ್ತವ್ಯಮೂಢ ಎಂದು ಒಂದರ ಹಿಂದೊಂದು ಎಳೆದು ತಂದೆ. ಯಾರಿಗೂ ಕೇಳಿಸದ ಉತ್ತರಗಳಿಗೂ ಪೂರ್ತಿ ಅಂಕ ಬೇಕು ಎಂಬ ಹುಚ್ಚು. ಅಷ್ಟು ಹೊತ್ತು ನನ್ನ ತಲೆಯಲ್ಲಿ ಒಂದೇ ಒಂದು ತೆಲುಗು ಪದ ಸುಳಿಯಲಿಲ್ಲ. ಸುಳಿದಿದ್ದರೂ ತಪ್ಪು ಉತ್ತರವೆಂದು ತಳ್ಳಿಬಿಡುತ್ತಿದ್ದೆ.

ಫಲಿತಾಂಶ ಬಂದ ದಿನ ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ನನ್ನ ಮಿದುಳಿನ ಬಲಭಾಗದಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳು ಹರಡಿದ್ದವು. ಎಡಗಡೆ ಬರೀ ಒಂದೆರಡು ಚುಕ್ಕೆ. ನಿಮ್ಮ ಮಾತು ಈ ಕಡೆ ಇದೆ, ಗಡ್ಡೆ ಆ ಕಡೆ ಇದೆ, ಅದೃಷ್ಟವಂತರು ನೀವು ಎಂದರು. ಎಚ್ಚರವಾಗಿಟ್ಟು ಮಾಡುವ ಅಗತ್ಯವಿಲ್ಲ ಎಂದೂ ಹೇಳಿದರು. ನಾಗೇಶ್ ಡಾಕ್ಟರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಎಡಚಿಯಾಗಿ ಹುಟ್ಟಿದ್ದಕ್ಕೆ ಜೀವನದಲ್ಲಿ ಮೊದಲ ಸಲ ನನಗೆ ಹೆಮ್ಮೆಯಾಯಿತು. ಮೂವರೂ ಆಸ್ಪತ್ರೆಯಿಂದ ಸೀದಾ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅಕ್ಕ ಇನ್ನೊಂದು ದೋಸೆ ತರಿಸಿದಳು, ಅವಳು ಹಾಗೆಲ್ಲ ಮಾಡುವವಳಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಣ್ಣು ಬಿಟ್ಟಾಗ ನಾಗೇಶ್ ಬಾಗಿ, ನನ್ನ ಹೆಸರು ಹೇಳು ನೋಡೋಣ ಎಂದರು. ಗಂಡನ ಹೆಸರು ಹೇಳಬಾರದಂತೆ ಎಂದೆ. ಅವರು ಅಳುತ್ತಲೇ ನಕ್ಕರು. ನರ್ಸು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಡಾಕ್ಟರು ಬಂದು ಬೆರಳು ತೋರಿಸಿದಾಗ ಎಣಿಸಿದೆ. ನಂಜನಗೂಡಿನಾಕೆಯ ಗಂಡನಂತೆ ಆಗಲಿಲ್ಲ, ಬಾಯಿ ಉಳಿಯಿತು ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡೆ.

ಮಧ್ಯಾಹ್ನ ಅಕ್ಕನನ್ನು ಒಳಗೆ ಬಿಟ್ಟರು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಅವಳು ನನ್ನ ಕಿವಿಯ ಹತ್ತಿರ ಬಾಗಿದಳು. "ನೊಪ್ಪಿಗಾ ಉಂದಾ ಪಾಪಾ?" ಎಂದಳು. ನೋಯ್ತಿದೆಯಾ ಮಗು ಎಂದು ಕೇಳಿದ್ದಳು. ನನಗೆ ಅರ್ಥವಾಯಿತು, ಆದರೆ ಸ್ವಲ್ಪ ಹೊತ್ತು ಹಿಡಿಯಿತು, ದೂರದ ಮನೆಯ ರೇಡಿಯೋ ಕೇಳಿದ ಹಾಗೆ. ಉತ್ತರ ಕೊಡಲು ಬಾಯಿ ತೆರೆದೆ. ಏನೂ ಬರಲಿಲ್ಲ. ತರಗತಿಯಲ್ಲಿ ಆಗಿತ್ತಲ್ಲ, ಅದೇ ಖಾಲಿ. ಆದರೆ ಇದು ಒಂದು ಗಳಿಗೆಯಲ್ಲಿ ಹೋಗಲಿಲ್ಲ. ಅಕ್ಕ ಮತ್ತೆ ಕೇಳಿದಳು. ನಾನು "ಇಲ್ಲ ಅಕ್ಕ, ನೋವಿಲ್ಲ" ಎಂದೆ. ಕನ್ನಡದಲ್ಲಿ ನಾನು ಅವಳೊಂದಿಗೆ ಏಕಾಂತದಲ್ಲಿ ಆಡಿದ ಮೊದಲ ಮಾತು ಅದು. ಅವಳು ಹಿಂದೆ ತಿರುಗಿ ನೋಡಿದಳು, ಯಾರಾದರೂ ಬಂದರೇನೋ ಎಂದು.

ಊತ ಇಳಿದ ಮೇಲೆ ತೆಲುಗು ವಾಪಸು ಬರಬಹುದು ಎಂದರು ಡಾಕ್ಟರು. ನನ್ನ ಮನೆಮಾತು ತೆಲುಗು ಎಂದು ಕೇಳಿ ಅವರು ಪೆನ್ನು ಕೆಳಗಿಟ್ಟಿದ್ದರು. ಇದನ್ನು ಮೊದಲೇ ಹೇಳಿದ್ದರೆ ಎರಡೂ ಭಾಷೆಯಲ್ಲಿ ಚಿತ್ರ ತೆಗೆಯುತ್ತಿದ್ದೆವು, ಒಂದೊಂದು ಒಂದೊಂದು ಕಡೆ ಇರುವುದು ಬಹಳ ಅಪರೂಪ, ಇತ್ತೆಂದು ಈಗಲೂ ಖಚಿತವಾಗಿ ಹೇಳಲಾರೆ, ಆದರೆ ಎಡಗಡೆ ಕಾಣಿಸಿದ್ದರೆ ಎಚ್ಚರವಾಗಿಟ್ಟೇ ಮಾಡುತ್ತಿದ್ದೆವು ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಊತ ಇಳಿಯಿತು. ಕೂದಲು ಬೆಳೆಯಿತು. ತೆಲುಗು ಬರಲಿಲ್ಲ. ಅಕ್ಕ ಹೇಳಿದರೆ ತಿಳಿಯುತ್ತದೆ, ಬರಬರುತ್ತ ಬೇಗ ತಿಳಿಯತೊಡಗಿತು. ಹೇಳಹೊರಟರೆ ಅದರ ಜಾಗದಲ್ಲಿ ಕನ್ನಡ ಬಂದು ನಿಲ್ಲುತ್ತದೆ. ಮಾತು ಕಲಿಸುವ ಥೆರಪಿಸ್ಟ್ ಬಳಿಗೂ ಹೋದೆ. ಒಳ್ಳೆಯ ಹುಡುಗಿ, ಆದರೆ ಆಕೆಯ ಹತ್ತಿರವಿದ್ದ ಚಿತ್ರಗಳು, ಪಾಠಗಳು ಎಲ್ಲ ಕನ್ನಡದವು. ಬೇಕಾದರೆ ಪುಸ್ತಕದ ತೆಲುಗು ಕಲಿಯಬಹುದು ಎಂದಳು. ಪುಸ್ತಕದ ತೆಲುಗು ನನಗೇನು ಮಾಡಲಿಕ್ಕೆ? ನನಗೆ ಬೇಕಾದದ್ದು ನಮ್ಮ ಅಡುಗೆಕೋಣೆಯದು. ಅದನ್ನು ಕಲಿಸುವವರು ಯಾರು, ಅಕ್ಕನನ್ನು ಬಿಟ್ಟು?

ಅಕ್ಕ ಕೆಲವು ವಾರ ಪ್ರಯತ್ನಪಟ್ಟಳು. ಸೌಟು ಎತ್ತಿ ಹಿಡಿದು ಇದೇನು ಎಂದು ಮಗುವನ್ನು ಕೇಳುವಂತೆ ಕೇಳುತ್ತಿದ್ದಳು. ನಾನು ಸೌಟು ಎನ್ನುತ್ತಿದ್ದೆ. ಅಲ್ಲ, ನಮ್ಮದರಲ್ಲಿ ಎನ್ನುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಅವಳು ಸೌಟು ಕೆಳಗಿಟ್ಟು, ಕನ್ನಡದಲ್ಲಿ, ಹೋಗ್ಲಿ ಬುಡಮ್ಮ, ಊಟ ಮಾಡೋಣ ಎಂದಳು. ಅಂದಿನಿಂದ ತೆಲುಗು ನಿಂತಿತು.

ನನಗೆ ನೋವಾಗದಿರಲಿ ಎಂದೇ ಅವಳು ಹಾಗೆ ಮಾಡಿದ್ದು. ಆದರೆ ಅಕ್ಕನ ಕನ್ನಡ ಅಂಗಡಿಯ ಕನ್ನಡ. ಜೀವಮಾನವೆಲ್ಲ ಗಿರಾಕಿಗಳ ಜೊತೆ ಆಡಿ ಆಡಿ ನಯವಾದದ್ದು. ಬಾಮ್ಮ, ಕೂತ್ಕೊಮ್ಮ, ಕಾಫಿ ತಗೊತಿಯಾ, ಬಿಸಿಲು ಜಾಸ್ತಿ ಅಲ್ವಾ. ನಾನು ಹೊಂದದ ರವಿಕೆ ಹಾಕಿಕೊಂಡು ಹೋದರೆ ಚೆನ್ನಾಗಿದೆ ಎನ್ನುತ್ತಿದ್ದಳು. ಉಪ್ಪು ಜಾಸ್ತಿಯಾದರೆ ಪರವಾಗಿಲ್ಲ ಎಂದು ಉಣ್ಣುತ್ತಿದ್ದಳು. ಬೇಕೆಂದೇ ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದೆ. ಏನಮ್ಮ, ಹೇಳಮ್ಮ ಎಂದಳು. ಕನ್ನಡದಲ್ಲಿ ಬೈಯಲು ಅವಳಿಗೆ ಬರುತ್ತಿರಲಿಲ್ಲ, ಗಿರಾಕಿಯನ್ನು ಯಾರಾದರೂ ಬೈಯುತ್ತಾರೆಯೇ? ವಾರಕ್ಕೊಂದು ಸಲ ಹೋಗುತ್ತಿದ್ದವಳು ಎರಡು ವಾರಕ್ಕೊಮ್ಮೆ ಹೋಗತೊಡಗಿದೆ. ನೆಂಟರ ಮನೆಯಂತೆ ಹೂವು ಹಣ್ಣು ಕೊಂಡೊಯ್ಯುತ್ತಿದ್ದೆ. ನಮ್ಮಿಬ್ಬರ ನಡುವೆ ಮುನಿಸಿಲ್ಲ, ಮನಸ್ತಾಪವಿಲ್ಲ, ಎಲ್ಲ ಸುಸೂತ್ರ. ಇಂಥ ಮರ್ಯಾದೆಯನ್ನು ಎದುರಿಗಿಟ್ಟುಕೊಂಡು ನಾನು ಎಷ್ಟು ಅತ್ತಿದ್ದೇನೆ ಎಂಬುದು ಬೋಗಾದಿಯ ಬಸ್ಸಿನ ಕಿಟಕಿಗೆ ಗೊತ್ತು.

ಗಡ್ಡೆ ತಿರುಗಿ ಬಂದಿದೆಯೇ ಎಂದು ನೋಡಲು ಮತ್ತೆ ಸ್ಕ್ಯಾನಿಗೆ ಕರೆದಾಗ ಡಾಕ್ಟರು ಒಂದು ಸಲಹೆ ಕೊಟ್ಟರು. ಈ ಸಲ ತೆಲುಗಿನಲ್ಲೂ ಚಿತ್ರ ತೆಗೆಯೋಣ. ಅದು ಈಗ ಯಾವ ಕಡೆ ಇದೆ, ಇದೆಯೋ ಇಲ್ಲವೋ ತಿಳಿದರೆ ಮುಂದೆ ಥೆರಪಿಗೆ ದಾರಿ ಸಿಗಬಹುದು. ಆಸ್ಪತ್ರೆಯಲ್ಲಿದ್ದ ತೆಲುಗು ಧ್ವನಿಮುದ್ರಣ ನಮ್ಮ ತೆಲುಗಲ್ಲ, ಆದ್ದರಿಂದ ಮನೆಯವರದೇ ದನಿಯಲ್ಲಿ ಏನಾದರೂ ಮುದ್ರಿಸಿ ತನ್ನಿ ಎಂದರು. ಹಬ್ಬದ ಅಡುಗೆಯೋ, ಹಳೆಯ ಸಂಗತಿಯೋ, ಏನಾದರೂ ಸರಿ. ನಾಗೇಶ್ ಫೋನ್ ತೆಗೆದುಕೊಂಡು ಅಂಗಡಿಗೆ ಹೋದರು. ಅಕ್ಕ ಅವರನ್ನು ಹೊರಗೆ ಕೂರಿಸಿ, ಒಳಗೆ ಬಳೆ ಡಬ್ಬಗಳ ನಡುವೆ ಒಬ್ಬಳೇ ಕೂತು ಮಾತಾಡಿದಳಂತೆ. ಏನು ಹೇಳಿದಳು ಎಂದು ಕೇಳಿದರೆ ನಾಗೇಶ್ ತಲೆ ಕೆರೆದುಕೊಂಡರು. ಅವರಿಗೆ ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ.

ಮತ್ತೆ ಸ್ಪಂಜು, ಮತ್ತೆ ಪಂಜರ. ಮೇಡಂ, ಸುಮ್ಮನೆ ಕೇಳಿಸಿಕೊಳ್ಳಿ, ತಲೆ ಮಾತ್ರ ಅಲ್ಲಾಡಿಸಬೇಡಿ ಎಂದಳು ಯಂತ್ರ ನಡೆಸುವ ಅದೇ ಹೆಣ್ಣುಮಗಳು. ಸದ್ದು ಶುರುವಾಯಿತು. ಅದರೊಳಗಿಂದ ಅಕ್ಕನ ದನಿ ಬಂತು. ಎಷ್ಟೋ ತಿಂಗಳ ಮೇಲೆ ಅವಳ ನಿಜವಾದ ದನಿ, ಸ್ವಲ್ಪ ಒರಟು, ಅವಸರದ್ದು. ಮೊದಲು ಒಬ್ಬಟ್ಟಿನ ಹೂರಣದ ಬಗ್ಗೆ ಏನೋ ಹೇಳಿದಳು. ಮಧ್ಯೆ ನಿಂತಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಬೇಕೆಂದು ಆಸೆ. ನನಗೆ ಬರುವುದಿಲ್ಲ, ಕನ್ನಡದಲ್ಲೇ ಬರೆಯುತ್ತೇನೆ.

"ಡಾಕ್ಟ್ರು ಅಂದು ನಿನ್ನ ಭಾಷೆ ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಎಡಗೈ ಅಂತ ಹೇಳೋಕೆ ನಂಗೆ ಬಾಯಿ ಬಂತು. ಇದಕ್ಕೆ ಬರಲಿಲ್ಲ. ಬೇರೆಯವರ ಮುಂದೆ ಹೆಂಗೆ ಹೇಳೋದು ಅನ್ನಿಸ್ತು. ನಿಂಗೆ ಕಾಯಿಲೆ, ಭಯ. ನಂಗೇನಾಗಿತ್ತು? ತಪ್ಪು ನಂದು ಪಾಪಾ. ಈಗ ಅಂಗಡಿ ಮುಚ್ಚಿ ಮನೆಗೆ ಬಂದ್ರೂ ಅಂಗಡೀಲೇ ಕೂತಿದೀನಿ ಅನ್ಸುತ್ತೆ. ನಿನ್ ಜೊತೆ ಮಾತಾಡಿದ್ರೂ ಹಂಗೇ."

ಅಲ್ಲ ಅಕ್ಕ, ಕೇಳಿದ್ದು ನನ್ನನ್ನು, ಹೇಳಬೇಕಾದವಳು ನಾನು ಎನ್ನಬೇಕೆನಿಸಿತು. ಬಾಯಿ ತೆರೆಯುವಂತಿಲ್ಲ, ತೆರೆದರೂ ಬರುವುದಿಲ್ಲ. ನಾನು ತಲೆ ಅಲ್ಲಾಡಿಸಿದೆ. ಸ್ಪಂಜಿನ ನಡುವೆ ಎಷ್ಟು ಜಾಗವಿತ್ತೋ ಅಷ್ಟೂ ಅಲ್ಲಾಡಿಸಿದೆ. ಮೇಡಂ, ಅಲ್ಲಾಡಬೇಡಿ ಎಂದು ಕಿವಿಯಲ್ಲಿ ದನಿ ಬಂತು. ನಿಲ್ಲಿಸಲಾಗಲಿಲ್ಲ, ಅಳು ಹತ್ತಿಕೊಂಡಿತ್ತು. ಬಲ್ಬು ಅದುಮಿದೆ.

ಚಿತ್ರ ಕೆಟ್ಟಿತ್ತು. ಯಾವ ಕಡೆ ಏನಿದೆ ಎಂದು ಹೇಳುವಂತಿರಲಿಲ್ಲ. ಇನ್ನೊಂದು ದಿನ ಮಾಡೋಣ ಎಂದರು ಡಾಕ್ಟರು. ಗಡ್ಡೆಯೇನೂ ಇಲ್ಲ, ಅದೊಂದು ಸಮಾಧಾನ.

ಹೊರಗೆ ಕಾಯುವ ಹಾಲು ತುಂಬಿತ್ತು. ಅಕ್ಕ ನನ್ನ ಪರ್ಸು, ಚಪ್ಪಲಿ ಇಟ್ಟುಕೊಂಡು ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು. ಏನಾಯ್ತಮ್ಮ, ಚಿತ್ರ ಚೆನ್ನಾಗಿ ಬಂತಾ ಎಂದು ತನ್ನ ಅಂಗಡಿಯ ದನಿಯಲ್ಲಿ ಕೇಳಿದಳು. ಕೆಟ್ಟೋಯ್ತು, ಅಲ್ಲಾಡಿಬಿಟ್ಟೆ ಎಂದೆ.

ಅವಳು ನನ್ನ ಚಪ್ಪಲಿಯನ್ನು ನೆಲಕ್ಕೆ ಹಾಕಿದಳು. ಆಮೇಲೆ ಅಷ್ಟು ಜನರ ನಡುವೆ, ತೆಲುಗಿನಲ್ಲಿ, ದೊಡ್ಡ ದನಿಯಲ್ಲಿ ಬೈಯತೊಡಗಿದಳು. ಮಲಗಿರು ಅಂದರೆ ಮಲಗಿರಲು ಬರುವುದಿಲ್ಲವೇ, ಚಿಕ್ಕವಳಿದ್ದಾಗ ತಲೆ ಬಾಚುವಾಗಲೂ ಹೀಗೇ, ನಿನ್ನಿಂದ ಯಾರಿಗೆ ಸುಖ, ನೆಟ್ಟಗೆ ಒಂದು ಕೆಲಸ ಮಾಡಿದ್ದುಂಟೇ. ಫೈಲು ಹಿಡಿದು ಕೂತವರೆಲ್ಲ ತಿರುಗಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಬೈಯುತ್ತಲೇ ನೆಲಕ್ಕೆ ಕೂತು ನನ್ನ ಕಾಲಿಗೆ ಚಪ್ಪಲಿ ಹಾಕಿದಳು, ಬೈಯುತ್ತಲೇ ಅತ್ತಳು. ಒಂದೊಂದು ಮಾತೂ ನನಗೆ ಅರ್ಥವಾಯಿತು. ಅವಳು ಉಸಿರೆಳೆದುಕೊಳ್ಳಲು ಬೈಗುಳ ನಿಲ್ಲಿಸಿ, ನನ್ನ ಸರದಿ ಎಂಬಂತೆ ಮುಖ ಮೇಲೆತ್ತಿ ಕಾದಳು. ತಿರುಗಿ ಬೈಯಲು ನನ್ನಲ್ಲಿ ಒಂದು ಮಾತೂ ಇರಲಿಲ್ಲ.